ಖಿನ್ನತೆ ಅಂದಿರಾ? ಹಾಗಾದರೆ ಚಿಕಿತ್ಸೆ ಎಲ್ಲಿ?

ರೈತ ಆತ್ಮಹತ್ಯೆ ಮಾಡಿಕೊಂಡಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ಸರ್ಕಾರದ ಕಡೆಯವರು 'ಅವನಿಗೆ ಖಿನ್ನತೆ ಇತ್ತು' ಅಂತಾರೆ, ಸಾಲದ ಕಡತ ಅಲ್ಲಿಗೇ ಮುಚ್ಚಿಹೋಗುತ್ತದೆ. ನಮ್ಮವರು 'ಖಿನ್ನತೆಯೂ ಇಲ್ಲ ಗಿನ್ನತೆಯೂ ಇಲ್ಲ, ಬೆಳೆಗೆ ಬೆಲೆ ಕೊಡಿ ಸಾಕು' ಅಂತಾರೆ. ಮೊದಲನೆಯದು ವಂಚನೆ. ಎರಡನೆಯದು ಅರ್ಧ ಸತ್ಯ, ಅದರಿಂದಲೂ ಮನೆಗಳು ಹಾಳಾಗುತ್ತಿವೆ.

ವರ್ಷಗಟ್ಟಲೆ ಬಿಡದ ಖಿನ್ನತೆಯನ್ನು ಬರೀ ಬೇಸರ ಅಂದುಕೊಳ್ಳಬೇಡಿ. ನಿದ್ದೆ ಹತ್ತುವುದಿಲ್ಲ, ಊಟ ಸೇರುವುದಿಲ್ಲ, ಹೊಲದ ಕಡೆ ಕಾಲು ಏಳುವುದಿಲ್ಲ. ಸಂತೆಗೆ, ಸಂಘದ ಸಭೆಗೆ ಬರುವುದು ನಿಲ್ಲುತ್ತದೆ. ಬ್ಯಾಂಕಿನ ನೋಟೀಸನ್ನು ಬಿಚ್ಚದೆ ಜಂತಿಗೆ ಸಿಕ್ಕಿಸುತ್ತಾನೆ. ವಾಯಿದೆ ಮೀರುತ್ತದೆ, ಬಡ್ಡಿ ಏರುತ್ತದೆ, ಮನುಷ್ಯ ಮತ್ತಷ್ಟು ಕುಗ್ಗುತ್ತಾನೆ. ಇಂಥವನಿಗೆ 'ಧೈರ್ಯವಾಗಿರಪ್ಪಾ' ಎಂದು ಬೆನ್ನು ತಟ್ಟಿ ಹೋದರೆ ಏನು ಬಂತು?

ಪಕ್ಕದ ಗೋವಾದಲ್ಲಿ ಸಂಗಾತ್ ಎಂಬ ಸಂಸ್ಥೆ ಏನು ಮಾಡಿತು ನೋಡಿ. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಖಿನ್ನತೆ ಜೋರಾಗಿದ್ದ 495 ಜನರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಮಾಮೂಲಿ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆ ಆರೆಂಟು ಸಲ ಮಾತುಕತೆ. ಮಾತಾಡಿದವರು ಡಾಕ್ಟರಲ್ಲ, ತರಬೇತಿ ಪಡೆದ ಸಾಮಾನ್ಯ ಜನ; ಬೇಕಾದರೆ ಮನೆಗೇ ಹೋಗುತ್ತಿದ್ದರು. ಉಪದೇಶ ಇಲ್ಲ. ಬಿಟ್ಟುಹೋದ ಕೆಲಸಗಳಲ್ಲಿ ಈ ವಾರ ಯಾವುದನ್ನು ಮತ್ತೆ ಹಿಡಿಯಬಹುದು, ಯಾವ ತೊಡಕನ್ನು ಮೊದಲು ಬಿಡಿಸಬಹುದು ಅಂತ ಇಬ್ಬರೂ ಕೂತು ಗೊತ್ತುಮಾಡುವುದು, ಮುಂದಿನ ಸಲ ಏನಾಯಿತೆಂದು ಕೇಳುವುದು. ಮೂರು ತಿಂಗಳಿಗೆ ಈ ಗುಂಪಿನಲ್ಲಿ ನೂರಕ್ಕೆ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು, ಆ ಗುಂಪಿನಲ್ಲಿ 39. ಇದೆಲ್ಲ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಗಿದೆ.

ಗುಳಿಗೆಗೆ ಬಗ್ಗದ ಖಿನ್ನತೆಯ ಲೆಕ್ಕವೂ ಇದೆ. ಗುಳಿಗೆ ನುಂಗಿಯೂ ಗುಣ ಕಾಣದ 469 ಜನರ ಮೇಲೆ ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆ 2013ರಲ್ಲಿ ಪ್ರಕಟವಾಯಿತು. ಮಾತಿನ ಚಿಕಿತ್ಸೆ ಸೇರಿಸಿದವರಲ್ಲಿ ನೂರಕ್ಕೆ 46 ಮಂದಿಗೆ ಆರು ತಿಂಗಳಲ್ಲಿ ಕಾಯಿಲೆ ಅರ್ಧದಷ್ಟಾದರೂ ಇಳಿಯಿತು, ಸೇರಿಸದವರಲ್ಲಿ 22 ಮಂದಿಗೆ. ಎಲ್ಲರಿಗೂ ಆಗಲಿಲ್ಲ, ನಿಜ. ಗುಳಿಗೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ನಿಲ್ಲಿಸಲೂಬೇಡಿ.

ನಮ್ಮ ರಾಜ್ಯಕ್ಕೆ ಇದೇನು ಹೊಸದಲ್ಲ. 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಆರೋಗ್ಯ ಕೇಂದ್ರಗಳ ಡಾಕ್ಟರು, ಕಾರ್ಯಕರ್ತರಿಗೆ ಮಾನಸಿಕ ರೋಗ ನೋಡಿಕೊಳ್ಳುವುದನ್ನು ಕಲಿಸಿದ್ದರು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಅದೇ ಬುನಾದಿ. ಹಾಗಿದ್ದ ಮೇಲೆ ಪ್ರತಿ ಆರೋಗ್ಯ ಕೇಂದ್ರದಲ್ಲಿ ಕೂತು ಕೇಳಲು ತರಬೇತಾದ ಒಬ್ಬರು ಬೇಕು, ಅವರಿಗೆ ಸಂಬಳವೂ ಬೇಕು. ಇದನ್ನೂ ಆಶಾ ಹೆಣ್ಣುಮಕ್ಕಳ ತಲೆಗೆ ಕಟ್ಟಿ ಕೈತೊಳೆದುಕೊಳ್ಳಕೂಡದು. ತಾಲ್ಲೂಕು ಕಚೇರಿಗೆ ಕೊಡುವ ಮನವಿಯಲ್ಲಿ ಸಾಲ, ಬೆಲೆಗಳ ಕೆಳಗೆ ಇದನ್ನೂ ಬರೆಯಿರಿ. ಸಾಲ ತೀರಿಸುವುದು ಮಾತಿನಿಂದ ಆಗುವುದಿಲ್ಲ, ಆ ಜಗಳ ಬೇರೆ. ಆದರೆ ಆ ಜಗಳ ಆಡಲು ನಮ್ಮವನು ಬದುಕಿರಬೇಕಲ್ಲ. ಅಲ್ಲಿಯವರೆಗೆ 14416ಕ್ಕೆ ಪುಕ್ಕಟೆ ಫೋನು ಮಾಡಬಹುದು. ಟೆಲಿ ಮಾನಸ್ ಎಂದು 2022ರಲ್ಲಿ ಶುರುವಾದದ್ದು, ಕನ್ನಡದಲ್ಲೇ ಮಾತಾಡುತ್ತಾರೆ.