ಹೆರಿಗೆ ಕೋಣೆಯಲ್ಲಿ ಹೆಣ್ಣೇ ಇರಬೇಕೆಂದರೆ ಮಗಳನ್ನು ಕಲಿಸಬೇಕು

ಟಿನ್ ಫ್ಯಾಕ್ಟರಿಯ ನನ್ನ ದವಾಖಾನೆಗೆ ಬರುವ ಬಸುರಿಯರ ಮನೆಯವರು ಏಳನೇ ತಿಂಗಳು ದಾಟುತ್ತಿದ್ದಂತೆ ಸಾಮಾನ್ಯವಾಗಿ ಒಂದೇ ಪ್ರಶ್ನೆ ಕೇಳುತ್ತಾರೆ. ‘ಆಪಾ, ಲೇಡಿ ಡಾಕ್ಟರೇ ಹೆರಿಗೆ ಮಾಡಿಸುವ ಆಸ್ಪತ್ರೆ ಯಾವುದು?’ ಇದು ನ್ಯಾಯವಾದ ಪ್ರಶ್ನೆ. ಹೆಣ್ಣಿನ ಹಯಾ, ಮರ್ಯಾದೆ ಕಾಪಾಡಬೇಕೆಂಬ ಆಸೆಯಲ್ಲಿ ತಪ್ಪೇನಿಲ್ಲ. ಆದರೆ ಅದೇ ಮನೆಯಲ್ಲಿ ಪಿಯುಸಿ ಮುಗಿಸಿದ ಹುಡುಗಿ ಇದ್ದರೆ ನಾನು ಒಂದು ಮಾತು ತಿರುಗಿ ಕೇಳುತ್ತೇನೆ: ‘ಇವಳನ್ನು ನರ್ಸಿಂಗ್‌ಗೆ ಕಳಿಸುತ್ತೀರಾ?’ ಆಗ ಅತ್ತೆ, ಅಮ್ಮಿ, ಖಾಲಾ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನೈಟ್ ಡ್ಯೂಟಿ, ಯೂನಿಫಾರ್ಮು, ಗಂಡಸರ ವಾರ್ಡು, ಆಮೇಲೆ ಒಳ್ಳೆಯ ಸಂಬಂಧ ಬರುವುದಿಲ್ಲ ಎಂಬ ಭಯ, ಹೀಗೆ ಕಾರಣಗಳು ಒಂದೊಂದಾಗಿ ಹೊರಬರುತ್ತವೆ.

ಹೆರಿಗೆ ಕೋಣೆಯಲ್ಲಿ ನಿಜವಾಗಿ ಯಾರಿರುತ್ತಾರೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಡಾಕ್ಟರ್ ಬರುತ್ತಾರೆ, ನೋಡುತ್ತಾರೆ, ತೊಡಕಿದ್ದರೆ ನಿಲ್ಲುತ್ತಾರೆ. ಎಂಟು, ಹತ್ತು ಗಂಟೆ ನೋವು ತಿನ್ನುವ ಹೆಣ್ಣಿನ ಪಕ್ಕದಲ್ಲಿದ್ದು ನಾಡಿ ನೋಡುವವಳು, ಮಗುವಿನ ಎದೆಬಡಿತ ಕೇಳುವವಳು, ಸರ್ಕಾರಿ ಆಸ್ಪತ್ರೆಯಲ್ಲಾದರೆ ಸಹಜ ಹೆರಿಗೆಯನ್ನು ತಾನೇ ಮಾಡಿಸುವವಳು ಸಿಸ್ಟರ್. ನಮ್ಮ ಮನೆಯ ಹೆಣ್ಣುಮಗಳ ಜೀವ ಹೆಚ್ಚಾಗಿ ಅವಳ ಕೈಯಲ್ಲಿದೆ. ಹಾಗಾಗಿ ಅವಳು ಎಷ್ಟು ಕಲಿತಿದ್ದಾಳೆ ಎಂಬುದೇ ನನಗೆ ದೊಡ್ಡ ಪ್ರಶ್ನೆ.

ಇದಕ್ಕೆ ನಮ್ಮ ಕರ್ನಾಟಕದಲ್ಲೇ ಸಾಕ್ಷಿಯಿದೆ. ಹೆರಿಗೆಯಾದ ಮೇಲೆ ಗರ್ಭಕೋಶ ಬಿಗಿಯಾಗಿ ಮುದುಡಿಕೊಳ್ಳಬೇಕು. ಅದು ಮುದುಡದಿದ್ದರೆ ರಕ್ತ ನಿಲ್ಲುವುದಿಲ್ಲ. ಹೀಗೆ ರಕ್ತ ಹರಿಯಲು ಶುರುವಾದ ಬಾಣಂತಿ ಎರಡು ಗಂಟೆಯೊಳಗೇ ಕೈತಪ್ಪಿ ಹೋಗಬಹುದು. ಇದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿಡಬೇಕು, ಕೊಡಲು ಸೂಜಿ ಬೇಕು, ಚುಚ್ಚಲು ತಿಳಿದವರು ಬೇಕು. ಹಳ್ಳಿಯ ಉಪಕೇಂದ್ರದಲ್ಲಿ ಕರೆಂಟೇ ಇಲ್ಲದಿದ್ದರೆ ಏನು ಗತಿ? ಈ ಪ್ರಶ್ನೆ ಹಿಡಿದು ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಸಿದರು. 1620 ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ, ಉಳಿದವರಿಗೆ ನೋಡಲು ಅದರಂತೆಯೇ ಇರುವ, ಔಷಧವಿಲ್ಲದ ಮಾತ್ರೆ. ಹೆರಿಗೆಗಳು ನಡೆದದ್ದು ಮನೆಗಳಲ್ಲಿ ಮತ್ತು ಉಪಕೇಂದ್ರಗಳಲ್ಲಿ. ಮಾಡಿಸಿದವರು, ಮಾತ್ರೆ ಕೊಟ್ಟವರು ಡಾಕ್ಟರುಗಳಲ್ಲ, ಎಎನ್‌ಎಂ ಸಿಸ್ಟರುಗಳು.

ಔಷಧವಿಲ್ಲದ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವವಾಯಿತು. ಔಷಧ ತೆಗೆದುಕೊಂಡವರಲ್ಲಿ ಅದು 6.4ಕ್ಕೆ ಇಳಿಯಿತು. ಒಂದು ಲೀಟರಿಗಿಂತ ಹೆಚ್ಚು ರಕ್ತ ಹೋದವರ ಪ್ರಮಾಣ 1.2ರಿಂದ 0.2ಕ್ಕೆ ಬಂತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಅದೇ ಬೆಳಗಾವಿಯಲ್ಲಿ ಇನ್ನೊಂದು ಕೆಲಸವೂ ಆಯಿತು. ನನಗೆ ಮಾತ್ರೆಗಿಂತ ಅದೇ ಹೆಚ್ಚು ಇಷ್ಟ. ರಕ್ತ ಎಷ್ಟು ಹೋಯಿತೆಂದು ನಾವು ಕಣ್ಣಂದಾಜಿನಲ್ಲೇ ಹೇಳುತ್ತಿದ್ದೆವು. ಬಟ್ಟೆ ನೆನೆದಿದೆ, ನೆಲದ ಮೇಲೆ ಸ್ವಲ್ಪ ಚೆಲ್ಲಿದೆ, ‘ಪರವಾಗಿಲ್ಲ’. ಬೆಳಗಾವಿಯವರು ಹೆರುವವಳ ಸೊಂಟದ ಕೆಳಗೆ ಹಾಸುವ ಒಂದು ಪ್ಲಾಸ್ಟಿಕ್ ಹಾಸನ್ನು ಬಳಸಿದರು. ಅದರ ತುದಿಯಲ್ಲಿ ಅಳತೆಯ ಗೆರೆಗಳಿರುವ ಚೀಲ. ರಕ್ತ ಅದರಲ್ಲಿ ಶೇಖರವಾಗುತ್ತದೆ, ಗೆರೆ ನೋಡಿದರೆ ಸಾಕು. ಅನುಭವಸ್ಥರ ಕಣ್ಣಂದಾಜು ಈ ಚೀಲದ ಅಳತೆಗಿಂತ ಶೇ. 33ರಷ್ಟು ಕಡಿಮೆ ಹೇಳುತ್ತದೆ ಎಂದು ಗೊತ್ತಾಯಿತು. ಅಂದರೆ ಅಪಾಯ ಬಂದು ನಿಂತಿದ್ದರೂ ‘ಪರವಾಗಿಲ್ಲ’ ಅನ್ನುತ್ತಿದ್ದೆವು.

ಮುಂದೆ ಆಫ್ರಿಕಾದ ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾ ದೇಶಗಳ 80 ಆಸ್ಪತ್ರೆಗಳಲ್ಲಿ ಇಂಥದೇ ಅಳತೆಯ ಹಾಸನ್ನು ಬಳಸಿ ದೊಡ್ಡ ಅಧ್ಯಯನ ನಡೆಯಿತು. ರಕ್ತ ಗೆರೆ ದಾಟಿದ ಕೂಡಲೇ ಏನೇನು ಮಾಡಬೇಕೆಂದು ಸೂಲಗಿತ್ತಿ ನರ್ಸುಗಳಿಗೆ ಮೊದಲೇ ಕಲಿಸಲಾಗಿತ್ತು. ಗರ್ಭಕೋಶ ತಿಕ್ಕುವುದು, ಚುಚ್ಚುಮದ್ದು, ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಗಾಯವಿದೆಯೇ ಎಂದು ಪರೀಕ್ಷೆ, ಎಲ್ಲ ಒಟ್ಟಿಗೇ. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯಬೇಕಾದ ಪ್ರಸಂಗ, ಸಾವು ಇವೆಲ್ಲ ಸೇರಿ ಶೇ. 60ರಷ್ಟು ಕಡಿಮೆಯಾದವು ಎಂದು 2023ರಲ್ಲಿ ವರದಿ ಬಂತು. ಒಂದು ಪ್ಲಾಸ್ಟಿಕ್ ಹಾಸು, ಅದರ ಜೊತೆ ಅದನ್ನು ಬಳಸಲು ಕಲಿತ ಕೈ. ಹಾಸು ಮಾತ್ರ ಕೊಟ್ಟು ಕಲಿಸದೆ ಬಿಟ್ಟಿದ್ದರೆ ಇಷ್ಟು ಆಗುತ್ತಿರಲಿಲ್ಲ.

ನಮ್ಮ ಅಜ್ಜಿಯರ ಕಾಲದ ದಾಯಿಗಳನ್ನು ನಾನು ಕೀಳಾಗಿ ನೋಡುತ್ತಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರು ಓದು ಬರಹವಿಲ್ಲದೆ ಸಾವಿರಾರು ಹೆರಿಗೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ಆ ಸಹನೆ, ಆ ಕೈಗುಣ ಇಂದಿನ ಅನೇಕ ಆಸ್ಪತ್ರೆಗಳಲ್ಲಿ ಇಲ್ಲ. ಆದರೆ ರಕ್ತ ಹರಿಯತೊಡಗಿದಾಗ ಕೈಗುಣವೊಂದೇ ಸಾಲದು.

ನಮ್ಮ ಹಿರಿಯರಿಗೂ ಇದು ಗೊತ್ತಿತ್ತು. ಅರಬಿಯಲ್ಲಿ ಸೂಲಗಿತ್ತಿಗೆ ‘ಕಾಬಿಲಾ’ ಎನ್ನುತ್ತಾರೆ. ನಾವು ಬಿಯುಎಂಎಸ್‌ನಲ್ಲಿ ಓದುವ ‘ಇಲ್ಮುಲ್ ಕಬಾಲತ್’ ಅಂದರೆ ಅವಳ ವಿದ್ಯೆ. ಸಾವಿರ ವರ್ಷದ ಹಿಂದೆ ಕಾರ್ಡೋಬಾದ ಅಲ್ ಜಹ್ರಾವಿ ತಮ್ಮ ಗ್ರಂಥದಲ್ಲಿ ಮಗು ಅಡ್ಡ ಬಂದಾಗ, ಕಾಲು ಮುಂದಾಗಿ ಬಂದಾಗ ಕಾಬಿಲಾ ಏನು ಮಾಡಬೇಕೆಂದು ವಿವರವಾಗಿ ಬರೆದರು. ಆ ಅಧ್ಯಾಯ ಅವಳಿಗೆ ಕಲಿಸಲಿಕ್ಕಾಗಿಯೇ ಇದ್ದದ್ದು. ಇಬ್ನ್ ಖಲ್ದೂನ್ ತಮ್ಮ ‘ಮುಕದ್ದಿಮಾ’ದಲ್ಲಿ ಸೂಲಗಿತ್ತಿತನಕ್ಕೆಂದೇ ಒಂದು ಅಧ್ಯಾಯ ಇಟ್ಟಿದ್ದಾರೆ. ಹಾಲು ಬಿಡುವವರೆಗಿನ ಮಗುವಿನ ಕಾಯಿಲೆ ನುರಿತ ಹಕೀಮನಿಗಿಂತ ಇವರಿಗೇ ಚೆನ್ನಾಗಿ ತಿಳಿದಿರುತ್ತದೆ ಎನ್ನುತ್ತಾರೆ. ಹಕೀಮನ ಕುರ್ಚಿಯಲ್ಲಿ ಕುಳಿತು ಇದನ್ನು ಓದುವಾಗ ನನಗೆ ನಗು ಬರುತ್ತದೆ, ಆದರೆ ಮಾತು ಸರಿ. ಹನಫಿ ಫಿಕ್ಹ್‌ನಲ್ಲಿ ಹೆರಿಗೆಯ ವಿಷಯಕ್ಕೆ ಒಬ್ಬ ಹೆಣ್ಣಿನ ಸಾಕ್ಷಿಯೇ ಸಾಕು. ಇಷ್ಟು ಗೌರವದ ಕೆಲಸ ನಮ್ಮ ಮದುವೆ ಮಾತುಕತೆಯಲ್ಲಿ ಯಾವಾಗ ಕೀಳಾಯಿತೋ ಗೊತ್ತಿಲ್ಲ.

ಶುಚಿತ್ವದ ಪುಟದಲ್ಲಿ ವಿಯೆನ್ನಾದ ಕಥೆ ಹೇಳದಿರಲಾಗದು. 1846ರಲ್ಲಿ ಅಲ್ಲಿನ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಡಾಕ್ಟರುಗಳ ವಿಭಾಗದಲ್ಲಿ ನೂರಕ್ಕೆ ಸುಮಾರು 11 ತಾಯಂದಿರು ಸಾಯುತ್ತಿದ್ದರು, ಸೂಲಗಿತ್ತಿಯರ ವಿಭಾಗದಲ್ಲಿ ಮೂರಕ್ಕಿಂತ ಕಡಿಮೆ. ಡಾಕ್ಟರುಗಳು ಹೆಣ ಕೊಯ್ದ ಕೈಯಲ್ಲೇ ಹೆರಿಗೆ ಕೋಣೆಗೆ ಬರುತ್ತಿದ್ದುದು ಕಾರಣವೆಂದು ಸೆಮ್ಮೆಲ್‌ವೈಸ್ ಲೆಕ್ಕ ಹಾಕಿ ಕಂಡುಕೊಂಡರು. 1847ರಲ್ಲಿ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದರು, ಸಾವು ಇಳಿಯಿತು. ದಿನಕ್ಕೆ ಐದು ಸಲ ವುಜೂ ಮಾಡುವ ನಮ್ಮ ಮನೆಗಳಲ್ಲೂ ಆಗತಾನೇ ಹುಟ್ಟಿದ ಮಗುವನ್ನು ಬೀದಿಯಿಂದ ಬಂದ ಕೈಯಲ್ಲೇ ಎತ್ತಿಕೊಳ್ಳುವ ನೆಂಟರಿದ್ದಾರೆ. ಅವರಿಗೂ ಈ ಕಥೆ ಹೇಳಿ.

ಇನ್ನು ನಮ್ಮ ರಾಜ್ಯದ ಲೆಕ್ಕ. 2018-20ರ ಅವಧಿಯಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸತ್ತರು. ತಮಿಳುನಾಡಿನಲ್ಲಿ 54, ಆಂಧ್ರದಲ್ಲಿ 45, ತೆಲಂಗಾಣದಲ್ಲಿ 43, ಕೇರಳದಲ್ಲಿ 19. ದಕ್ಷಿಣದ ಐದು ರಾಜ್ಯಗಳಲ್ಲಿ ನಾವೇ ಕೊನೆ. ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿರುವಾಗ ಇದು! ಇನ್ನೊಂದು ಕಡೆ ಸಿಸೇರಿಯನ್ ಶೇ. 23.6ರಿಂದ 31.5ಕ್ಕೆ ಏರಿದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಮತ್ತು ಐದನೇ ಸುತ್ತು ತೋರಿಸುತ್ತವೆ. ಬಸುರಿಯರಲ್ಲಿ ರಕ್ತಹೀನತೆ ಮಾತ್ರ ಶೇ. 45ರ ಆಸುಪಾಸಿನಲ್ಲೇ ನಿಂತಿದೆ. ಆಸ್ಪತ್ರೆ ತಲುಪಿದ ಮೇಲೂ ಸಿಗಬೇಕಾದ ಆರೈಕೆ ಸಿಗುತ್ತಿಲ್ಲ ಎಂದೇ ನಾನು ಇದನ್ನು ಓದುತ್ತೇನೆ.

ತಾಯಿಯ ಸಾವಿನ ಹಿಂದೆ ಮೂರು ವಿಳಂಬಗಳಿರುತ್ತವೆ ಎಂದು 1994ರಲ್ಲಿ ಥಡ್ಡಿಯಸ್ ಮತ್ತು ಮೈನ್ ಎಂಬ ಇಬ್ಬರು ಸಂಶೋಧಕಿಯರು ಬರೆದರು: ಮನೆಯಲ್ಲಿ ತೀರ್ಮಾನ ಮಾಡುವ ವಿಳಂಬ, ದಾರಿಯ ವಿಳಂಬ, ಆಸ್ಪತ್ರೆಯೊಳಗಿನ ವಿಳಂಬ. ಎರಡನೆಯದನ್ನು ಟಿನ್ ಫ್ಯಾಕ್ಟರಿಯವರಿಗೆ ವಿವರಿಸಬೇಕಾಗಿಲ್ಲ. ಸಂಜೆ ಆರಕ್ಕೆ ಕೆ.ಆರ್. ಪುರಂ ತೂಗುಸೇತುವೆ ಕಡೆಯಿಂದ ಬರುವ ಆಂಬುಲೆನ್ಸ್ ರಿಂಗ್ ರೋಡ್ ಸೇರುವಲ್ಲಿ ಸೈರನ್ ಹಾಕಿಕೊಂಡು ನಿಂತಲ್ಲೇ ನಿಂತಿರುವುದನ್ನು ದಿನಾ ನೋಡುತ್ತೇವೆ. ಮೆಟ್ರೊ ಬಂದು ನಮಗೆ ಅನುಕೂಲವಾಯಿತು, ಆದರೆ ನೋವು ತಿನ್ನುವವಳು ಮೆಟ್ರೊ ಹತ್ತಲಾರಳು. ಅದಕ್ಕೇ ಹೇಳುತ್ತೇನೆ: ಮೊದಲನೇ ವಿಳಂಬವನ್ನಾದರೂ ಮನೆಯಲ್ಲಿ ಮಾಡಬೇಡಿ. ‘ಅವರ ಅಬ್ಬಾ ಕೆಲಸದಿಂದ ಬರಲಿ’ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. ಯಾವ ಆಸ್ಪತ್ರೆ, ರಕ್ತ ಕೊಡುವವರು ಯಾರು, ಜೊತೆಗೆ ಹೋಗುವವರು ಯಾರು ಎಂಬುದು ಎಂಟನೇ ತಿಂಗಳಲ್ಲೇ ತೀರ್ಮಾನವಾಗಿರಲಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಡಾಕ್ಟರಿಂದ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡ್ ಹಿಡಿದು ಹೋಗಿ.

ನನ್ನ ಪದ್ಧತಿಯ ಬಗ್ಗೆಯೂ ನೇರವಾಗಿ ಬರೆಯಬೇಕು. ಯುನಾನಿ ವೈದ್ಯಳಾಗಿ ನಾನು ಬಸುರಿಯ ಆಹಾರ, ಮಲಬದ್ಧತೆ, ಬಾಣಂತಿಯ ಚಿಲ್ಲಾ ದಿನಗಳ ಆರೈಕೆಗೆ ಸಲಹೆ ಕೊಡುತ್ತೇನೆ. ಹೆರಿಗೆ ನೋವಿಗೆ, ರಕ್ತಸ್ರಾವಕ್ಕೆ, ಏರಿದ ಬಿಪಿಗೆ ಮಾಜೂನು, ಜೋಶಾಂದಾ ಕೊಡುವುದಿಲ್ಲ. ಕೊಡುತ್ತೇನೆ ಎನ್ನುವವರನ್ನು ನಂಬಬೇಡಿ. ‘ಗಿಡಮೂಲಿಕೆ ತಾನೇ, ಏನೂ ಆಗಲ್ಲ’ ಎನ್ನುವುದು ಯುನಾನಿಯ ಮಾತಲ್ಲ. ಮುಟ್ಟು ಹರಿಸುವ ಔಷಧಗಳನ್ನು ಬಸುರಿಗೆ ಕೊಡಬಾರದೆಂದು ನಮ್ಮ ಹಳೆಯ ಗ್ರಂಥಗಳೇ ಎಚ್ಚರಿಸುತ್ತವೆ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಇದೆ. ಅಲ್ಲಿ ಪ್ರಸೂತಿ ಮತ್ತು ಸ್ತ್ರೀರೋಗಕ್ಕೆ ಪ್ರತ್ಯೇಕ ಸ್ನಾತಕೋತ್ತರ ವಿಭಾಗವಿದೆ. ನಮ್ಮ ಔಷಧಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬಿದ್ದುಹೋಗುತ್ತದೆ ಎಂಬುದು ಅಂಥ ಕಡೆ ಪರೀಕ್ಷೆಯಾಗಿ ಬರಬೇಕೇ ಹೊರತು ವಾಟ್ಸಾಪಿನಲ್ಲಲ್ಲ.

ವಾಟ್ಸಾಪ್ ಎಂದಾಗ ಖರ್ಜೂರ ನೆನಪಾಯಿತು. ಹಜ್ರತ್ ಮರ್ಯಮರ ಹೆರಿಗೆಯ ಪ್ರಸಂಗದಲ್ಲಿ ಖರ್ಜೂರದ ಮಾತು ಬರುವುದು ಎಲ್ಲರಿಗೂ ತಿಳಿದದ್ದೇ. ಜೋರ್ಡಾನಿನಲ್ಲಿ 69 ಬಸುರಿಯರು ಹೆರಿಗೆ ದಿನಕ್ಕೆ ನಾಲ್ಕು ವಾರ ಮುಂಚಿನಿಂದ ದಿನಕ್ಕೆ ಆರು ಖರ್ಜೂರ ತಿಂದರು, 45 ಮಂದಿ ತಿನ್ನಲಿಲ್ಲ. ತಿಂದವರಲ್ಲಿ ಶೇ. 96 ಮಂದಿಗೆ ನೋವು ತಾನಾಗಿ ಬಂತು, ತಿನ್ನದವರಲ್ಲಿ ಶೇ. 79 ಮಂದಿಗೆ. 2011ರಲ್ಲಿ ಪ್ರಕಟವಾದ ಈ ಅಧ್ಯಯನ ಸಂತೋಷದ ಸುದ್ದಿ, ಆದರೆ ಚಿಕ್ಕದು. ಅದರಲ್ಲಿ ಯಾರು ತಿನ್ನಬೇಕೆಂದು ಚೀಟಿ ಎತ್ತಿ ಹಂಚಿರಲಿಲ್ಲ. ನಮಗೆ ಬರುವ ಫಾರ್ವರ್ಡ್‌ನಲ್ಲಿ ಇದೇ ‘ಖರ್ಜೂರ ತಿಂದರೆ ಸಿಸೇರಿಯನ್ ಬೇಡ’ ಎಂದಾಗಿರುತ್ತದೆ. ಬಸುರಿಯಲ್ಲಿ ಸಕ್ಕರೆ ಕಾಯಿಲೆ ಇದ್ದರೆ ಡಾಕ್ಟರನ್ನು ಕೇಳದೆ ದಿನಾ ಆರು ಖರ್ಜೂರ ತಿನ್ನಬಾರದು. ಉಳಿದವರು ಸಂತೋಷವಾಗಿ ತಿನ್ನಿ.

ಈಗ ಮೊದಲಿನ ಹುಡುಗಿಯ ವಿಷಯ. ಶಿವಾಜಿನಗರದಲ್ಲಿ ಗೋಷಾ ಆಸ್ಪತ್ರೆ ಇದೆ. ಹೆಸರೇ ಪರದೆ ಎಂದು. ಪರದೆಯ ಹೆಂಗಸರು ಸಂಕೋಚವಿಲ್ಲದೆ ಬರಲೆಂದು ದಂಡು ಪ್ರದೇಶದ ವ್ಯಾಪಾರಿ ಹಾಜಿ ಸರ್ ಇಸ್ಮಾಯಿಲ್ ಸೇಠರು ಹಣ ಕೊಟ್ಟು ಕಟ್ಟಿಸಿದ್ದು. ಇಂದಿಗೂ ಎಲ್ಲ ಜಾತಿ ಮತದ ಹೆಂಗಸರು ಅಲ್ಲಿ ಹೆರುತ್ತಾರೆ. ಆ ತಲೆಮಾರಿನವರು ‘ಹೆಣ್ಣೇ ಬೇಕು’ ಎಂದು ಬರೀ ಕೇಳಲಿಲ್ಲ, ಅದಕ್ಕೆ ಬೇಕಾದ್ದನ್ನು ಕೈಯಿಂದ ಕೊಟ್ಟರು. ನಾವು ಕೊಡಬೇಕಾದ್ದು ಕಟ್ಟಡವಲ್ಲ, ಕಲಿತ ಹೆಣ್ಣುಮಕ್ಕಳನ್ನು.

ಎಎನ್‌ಎಂ ಎರಡು ವರ್ಷ, ಜಿಎನ್‌ಎಂ ಮೂರು ವರ್ಷ, ಬಿ.ಎಸ್ಸಿ ನರ್ಸಿಂಗ್ ನಾಲ್ಕು ವರ್ಷ. 2018ರಲ್ಲಿ ಕೇಂದ್ರ ಸರ್ಕಾರ ಇನ್ನೊಂದು ಮೆಟ್ಟಿಲು ಸೇರಿಸಿತು. ಓದಿ ಅನುಭವ ಪಡೆದ ನರ್ಸುಗಳಿಗೆ ಹದಿನೆಂಟು ತಿಂಗಳ ಸೂಲಗಿತ್ತಿ ತರಬೇತಿ. ಅದು ಮುಗಿಸಿದವಳು ತೊಡಕಿಲ್ಲದ ಹೆರಿಗೆಯನ್ನು ತನ್ನದೇ ಜವಾಬ್ದಾರಿಯಲ್ಲಿ ಮಾಡಿಸುತ್ತಾಳೆ, ತೊಡಕು ಕಂಡ ಕೂಡಲೇ ಡಾಕ್ಟರನ್ನು ಕರೆಯುತ್ತಾಳೆ. ಬಸುರಿನಿಂದ ಬಾಣಂತನದವರೆಗೆ ಒಂದೇ ತಂಡದ ಸೂಲಗಿತ್ತಿಯರು ನೋಡಿಕೊಂಡ ಕಡೆ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ ಎಂದು ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ.

ನೈಟ್ ಡ್ಯೂಟಿಯ ಚಿಂತೆ ಸುಳ್ಳಲ್ಲ. ಹಾಸ್ಟೆಲ್ ಹೇಗಿದೆ, ರಾತ್ರಿ ಬಿಟ್ಟು ಬರುವ ವಾಹನವಿದೆಯೇ, ತಲೆಗೆ ಬಟ್ಟೆ ಹಾಕಲು ಬಿಡುತ್ತಾರೆಯೇ ಎಂದು ತಂದೆಯಾದವರು ಹೋಗಿ ಕೇಳಲಿ, ಕಾಲೇಜು ನೋಡಿ ಆರಿಸಲಿ. ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ ನಿಯಮದಂತೆ ಮಾನ್ಯತೆ ಇದೆಯೇ, ಕಲಿಯಲು ನಿಜವಾದ ಹೆರಿಗೆ ವಾರ್ಡು ಇದೆಯೇ ಎಂಬುದನ್ನು ಮಾತ್ರ ಮರೆಯದೆ ವಿಚಾರಿಸಿ. ಬರೀ ಬೋರ್ಡು ಹಾಕಿಕೊಂಡ ಕಾಲೇಜುಗಳು ಊರಲ್ಲಿ ಬೇಕಾದಷ್ಟಿವೆ. ಮಸೀದಿ ಕಮಿಟಿಯವರಿಗೂ ಒಂದು ಕೋರಿಕೆ. ಪಿಯುಸಿ ಫಲಿತಾಂಶ ಬಂದ ವಾರ ಸಿಇಟಿ, ನೀಟ್ ಮಾಹಿತಿಯನ್ನು ನೋಟಿಸ್ ಬೋರ್ಡಿಗೆ ಹಚ್ಚುತ್ತೀರಿ. ಅದರ ಪಕ್ಕದಲ್ಲೇ ಜಿಎನ್‌ಎಂ ಮತ್ತು ಬಿ.ಎಸ್ಸಿ ನರ್ಸಿಂಗ್ ಪ್ರವೇಶದ ದಿನಾಂಕಗಳನ್ನೂ, ಅಲ್ಪಸಂಖ್ಯಾತರ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ ಆ ವರ್ಷ ಸಿಗುವ ವಿದ್ಯಾರ್ಥಿವೇತನದ ವಿವರವನ್ನೂ ಹಚ್ಚಿ.