ಎರಡಂಗುಲದ ಅಂದ

ನಮ್ಮ ಸೋದರಳಿಯ, ನಾಲ್ಕು ಚಕ್ರಗಳಿಗೂ ಎಂಜಿನ್ ಬಲ ಸಾಗುವ ತನ್ನ ಕಾರನ್ನು ಅಂದಕ್ಕೆಂದು ಎರಡಂಗುಲ ತಗ್ಗಿಸಿದ. ಮರುವಾರ ತಾಯಿಯವರನ್ನು ರಾಯಚೂರಿಗೆ ಕರೆದೊಯ್ಯಬೇಕು. ಕಾರೋ, ವೇಗ ಹೆಚ್ಚಿಸಿದೊಡನೆ ಗಡಗಡ ನಡುಗುತ್ತಿತ್ತು! ಚಕ್ರಗಳನ್ನು ಬ್ಯಾಲೆನ್ಸ್ ಮಾಡಿಸಿದೆವು, ಫಲವಿಲ್ಲ.

ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ಮೇಸ್ತ್ರಿಯೊಬ್ಬರು ಅಡಿಗೆ ನುಸುಳಿ ನೋಡಿ ನಕ್ಕರು. ಆಕ್ಸಲಿನ ಒಳಗೀಲಿನಲ್ಲಿ ಮೂರು ರೋಲರುಗಳು. ಕಾರು ತಗ್ಗಿ ಆಕ್ಸಲ್ ಅತಿಯಾಗಿ ಓರೆಯಾದರೆ ಪ್ರತಿ ಸುತ್ತಿಗೂ ಮೂರು ಬಾರಿ ತಳ್ಳಾಟ. ಓರೆ ಉಳಿದರೆ ಹೊಸ ಆಕ್ಸಲೂ ನಡುಗೀತು.

ಹಳೆಯ ಸ್ಪ್ರಿಂಗುಗಳನ್ನೇ ಹಾಕಿಸಿ, ಸವೆದ ಕೀಲು ಬದಲಿಸಿ, ಅಲೈನ್‌ಮೆಂಟ್ ನೋಡಿಸಿದೆವು. ನಡುಕ ನಿಂತಿತು. ತಯಾರಕರ ಮೂಲ ವಿವರ ಮೀರಿದ ಮಾರ್ಪಾಡು ಸಲ್ಲದೆಂದು 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆಯಲ್ಲ!

ತಾಯಿಯವರು ಮೊಮ್ಮಗನಿಗೆ ಅಂದರು: “ಗಾಡಿ ಎತ್ತರವೇ ಇರಲಿ ಮಗು, ತಗ್ಗಬೇಕಾದ್ದು ನಾವು.”