ಏಕಾಕಿಯ ಹಾಯಿದೋಣಿ

ಇಂಗ್ಲಿಷಿನಲ್ಲಿ ಸಣ್ಣ ದೋಣಿಗೆ ‘ಡಿಂಗಿ’ ಎಂಬ ಹೆಸರುಂಟು. ಇದು ಆಂಗ್ಲರ ಮನೆಯ ಮಾತಲ್ಲ. ಹಿಂದೀ ಮತ್ತು ವಂಗ ಭಾಷೆಗಳಲ್ಲಿ ಬಳಕೆಯಲ್ಲಿದ್ದುದನ್ನು ನಮ್ಮ ನದಿಗಳ ಮೇಲೆ ಕೇಳಿ ಅವರು ಎರವಾಗಿ ಕೊಂಡೊಯ್ದುದು. ಕೊಂಡೊಯ್ದ ಮೇಲೆ ಅದರ ಅರ್ಥವನ್ನು ಬೆಳೆಸಿ, ಒಬ್ಬರೋ ಇಬ್ಬರೋ ಕುಳಿತು ಗಾಳಿಯ ಬಲದಿಂದ ನಡೆಸತಕ್ಕ, ಮೇಲೆ ಮರೆಯಿಲ್ಲದ ಕಿರಿಯ ಹಾಯಿದೋಣಿಗೆ ಈಗ ಆ ಹೆಸರನ್ನು ವಿಶೇಷವಾಗಿ ಹೇಳುವರು. ಅವುಗಳಲ್ಲಿ ಒಬ್ಬರೇ ನಡೆಸುವ ಜಾತಿಯದನ್ನು ಹೊಸಬರು ಆರಿಸಿಕೊಳ್ಳುವ ಬಗೆ ಹೇಗೆಂಬುದೇ ಈ ತಿಂಗಳ ನಮ್ಮ ವಿಷಯ.

ಗೃಹಕೃತ್ಯದ ಮಾತುಗಳ ನಡುವೆ ಹಾಯಿದೋಣಿಗೆ ಏನು ಕೆಲಸವೆಂದು ವಾಚಕರು ಕೇಳಬಹುದು. ಕೇಳಲಿ. ನಮ್ಮ ಮನೆಗಳ ಮಕ್ಕಳು ಇಂದು ಪರದೇಶಗಳಲ್ಲಿ ಸಂಸಾರ ಹೂಡಿರುವರು. ಅಲ್ಲಿಯ ವಿನೋದಗಳೂ, ಅವುಗಳ ಖರ್ಚೂ, ಅವುಗಳ ಅಪಾಯವೂ ಈಗ ನಮ್ಮ ಮನೆಯ ಮಾತುಗಳೇ ಆಗಿವೆ. ನಮ್ಮ ತಮ್ಮನ ಮಗಳು ದಕ್ಷಿಣ ಇಂಗ್ಲೆಂಡಿನಲ್ಲಿರುವಳು. ನಾಲ್ವತ್ತೆರಡನೆಯ ವಯಸ್ಸಿನಲ್ಲಿ ಆಕೆಗೆ ಹಾಯಿದೋಣಿಯ ಹುಚ್ಚು ಹಿಡಿಯಿತು. ಊರ ಬಳಿಯ ಜಲಾಶಯದ ಕ್ಲಬ್ಬಿನಲ್ಲಿ ಪ್ರಾರಂಭದ ಪಾಠಗಳನ್ನು ಮುಗಿಸಿ, “ದೊಡ್ಡಪ್ಪ, ನೀವು ಎರಡು ಬೇಸಗೆ ದಡದಲ್ಲಿ ಕುಳಿತು ಎಲ್ಲರ ದೋಣಿಯನ್ನೂ ನೋಡಿದ್ದೀರಿ, ಎಲ್ಲರನ್ನೂ ಪ್ರಶ್ನೆ ಕೇಳಿ ಪೀಡಿಸಿದ್ದೀರಿ. ನಾನು ಯಾವುದನ್ನು ಕೊಳ್ಳಲಿ, ಹೇಳಿ” ಎಂದು ಬರೆದಳು. ನಾವು ದೋಣಿ ನಡೆಸಿದವರಲ್ಲವೆಂಬುದು ನಿಜ. ಆದರೆ ಮೂವತ್ತು ವರ್ಷ ಪಾಠ ಹೇಳಿದವನಿಗೆ ಯಾರು ಕಲಿಯುವರು, ಯಾರು ನಡುವೆ ಬಿಡುವರು ಎಂಬುದು ದೂರದಿಂದಲೂ ಕಾಣುವುದು.

ಮೊದಲು ಯಂತ್ರದ ಮರ್ಮವನ್ನು ತಿಳಿಯಬೇಕು. ಹಾಯಿದೋಣಿಯು ಗಾಳಿಗೆ ನೇರ ಎದುರಾಗಿ ಹೋಗಲಾರದು. ಸುಮಾರು ೪೫ ಡಿಗ್ರಿ ಓರೆಯಾಗಿ ಬಲಕ್ಕೊಮ್ಮೆ ಎಡಕ್ಕೊಮ್ಮೆ ಹಾವಿನಂತೆ ಹರಿದು ಎದುರುಗಾಳಿಯನ್ನು ಗೆಲ್ಲುವುದು. ತಳದ ಸೀಳಿನಿಂದ ನೀರಿಗೆ ಇಳಿಬಿಟ್ಟ ಹಲಗೆಯು ದೋಣಿ ಪಕ್ಕಕ್ಕೆ ಜಾರದಂತೆ ತಡೆಯುವುದು. ಗಾಳಿಯು ಹಾಯಿಯನ್ನು ಒತ್ತಿದಾಗ ದೋಣಿ ವಾಲುವುದಷ್ಟೆ. ಅದನ್ನು ಸಮನಾಗಿಡುವುದು ನಡೆಸುವವರ ಮೈಭಾರವಲ್ಲದೆ ಬೇರೇನೂ ಅಲ್ಲ. ಒಂದು ಕೈಯಲ್ಲಿ ಚುಕ್ಕಾಣಿಯ ಹಿಡಿ, ಇನ್ನೊಂದರಲ್ಲಿ ಹಾಯಿಯ ಹಗ್ಗ, ಪಾದಗಳು ದೋಣಿಯೊಳಗಿನ ಪಟ್ಟಿಯ ಕೆಳಗೆ, ಉಳಿದ ಮೈಯೆಲ್ಲ ಅಂಚಿನ ಹೊರಗೆ. ಹೀಗೆ ದೇಹವೇ ತಕ್ಕಡಿಯ ಕಲ್ಲಾಗುವುದು. ಆದುದರಿಂದ ಈ ದೋಣಿಗಳ ವಿಷಯದಲ್ಲಿ ಕೇಳಬೇಕಾದ ಮೊದಲನೆಯ ಪ್ರಶ್ನೆ ಬೆಲೆಯದಲ್ಲ, ವೇಗದ್ದೂ ಅಲ್ಲ. ನಿಮ್ಮ ತೂಕವೆಷ್ಟು? ಸ್ತ್ರೀಯರನ್ನು ಈ ಪ್ರಶ್ನೆ ಕೇಳುವುದು ಸಭ್ಯತೆಯಲ್ಲವೆಂದು ಬಲ್ಲೆವು. ಆದರೆ ಗಾಳಿಗೆ ಸಭ್ಯತೆಯ ಗೊಡವೆಯಿಲ್ಲ.

ನಮ್ಮ ಹುಡುಗಿ ೬೦ ಕಿಲೋಗ್ರಾಮಿನವಳು. ಅವಳ ಕಣ್ಣು ಬಿದ್ದುದು ‘ಲೇಸರ್’ ಎಂಬ ದೋಣಿಯ ಮೇಲೆ. ಕಾರಿನ ನೆತ್ತಿಯ ಮೇಲೆ ಕಟ್ಟಿಕೊಂಡು ಹೋಗತಕ್ಕ ಸರಳವಾದ ದೋಣಿಯೊಂದು ಬೇಕೆಂಬ ಕೇಳಿಕೆಗೆ ಉತ್ತರವಾಗಿ ಕೆನಡಾದ ಬ್ರೂಸ್ ಕಿರ್ಬಿ ೧೯೬೯ರಲ್ಲಿ ಇದರ ಆಕಾರವನ್ನು ಗೀಚಿದನು. ೧೯೭೧ರಲ್ಲಿ ಇದು ಮಾರುಕಟ್ಟೆಗೆ ಬಂದಿತು. ಉದ್ದ ೪.೨ ಮೀಟರು, ಒಡಲಿನ ತೂಕ ಸುಮಾರು ೫೯ ಕಿಲೋಗ್ರಾಮು, ಹಾಯಿ ಒಂದೇ. ಇಂದಿಗೆ ಎರಡು ಲಕ್ಷಕ್ಕೂ ಮೇಲ್ಪಟ್ಟು ದೋಣಿಗಳು ಕಟ್ಟಲ್ಪಟ್ಟಿವೆ. ೧೯೯೬ರಿಂದ ಪುರುಷರ, ೨೦೦೮ರಿಂದ ಸ್ತ್ರೀಯರ ಒಲಿಂಪಿಕ್ ಪಂದ್ಯಗಳಲ್ಲಿ ಇದಕ್ಕೆ ಸ್ಥಾನವಿದೆ. ವ್ಯಾಪಾರನಾಮದ ವ್ಯಾಜ್ಯವೆದ್ದ ಕಾರಣ ೨೦೧೯ರಿಂದ ಇದಕ್ಕೆ ‘ಇಲ್ಕಾ’ ಎಂಬ ಹೆಸರು ಬಂದಿದೆ. ದಡದಲ್ಲಿ ಮಾತ್ರ ಹಳೆಯ ಹೆಸರೇ ನಡೆಯುತ್ತಿದೆ.

ಇದರಲ್ಲಿ ಒಂದು ಜಾಣತನವುಂಟು. ಒಡಲು ಒಂದೇ, ಕೂವೆಯ ಕೆಳಭಾಗವನ್ನೂ ಹಾಯಿಯನ್ನೂ ಬದಲಿಸಿದರೆ ದೋಣಿಯು ಬೇರೆ ಆಳಿಗೆ ಹೊಂದುವುದು. ದೊಡ್ಡ ಹಾಯಿ ೭ ಚದರ ಮೀಟರಿಗೆ ತುಸು ಮೇಲೆ, ನಡುವಣದು ೫.೭೬, ಕಿರಿದು ೪.೭. ಮೈಭಾರ ೭೫ ಕಿಲೋಗ್ರಾಮನ್ನು ಮೀರಿದವರಿಗೆ ದೊಡ್ಡದು, ೫೫ರಿಂದ ೭೦ರ ಒಳಗಿನವರಿಗೆ ನಡುವಣದು, ಇನ್ನೂ ಹಗುರಾದವರಿಗೆ ಕಿರಿದು ಎಂದು ಸ್ಥೂಲವಾಗಿ ಹೇಳಬಹುದು. ಹೊಸಬರು ಒಂದು ಮೆಟ್ಟಿಲು ಕೆಳಗೇ ಇಳಿದರೂ ನಷ್ಟವಿಲ್ಲ. ಮಂದಗಾಳಿಯಲ್ಲಿ ನಿಧಾನವಾಗುವುದು, ಅಷ್ಟೆ.

ಆದರೆ ಅಷ್ಟೆಂದು ಒಪ್ಪುವವರು ಎಷ್ಟು ಮಂದಿ? ಆ ಜಲಾಶಯದ ದಡದಲ್ಲಿ ನಾವು ಕಂಡ ಒಬ್ಬ ಗೃಹಸ್ಥರು ಸಣ್ಣ ಮೈಕಟ್ಟಿನವರು, ಹಣವಂತರು. ಪಾಠ ಮುಗಿದ ವಾರವೇ ಹೊಚ್ಚ ಹೊಸ ದೋಣಿಯನ್ನು ದೊಡ್ಡ ಹಾಯಿಯೊಡನೆ ತರಿಸಿದರು. ಗಾಳಿ ತುಸು ಬೀಸಿದರೆ ಅವರು ಮಗುಚುವರು, ಎತ್ತಿ ನಿಲ್ಲಿಸುವರು, ಮತ್ತೆ ಮಗುಚುವರು. ಮೂರನೆಯ ತಿಂಗಳಿನಲ್ಲಿ ಅವರು ಬರುವುದನ್ನೇ ಬಿಟ್ಟರು. ಮರುವರ್ಷ ನಾವು ಹೋದಾಗ ಆ ದೋಣಿಯ ಗಾಡಿಯ ಚಕ್ರಗಳು ಕಾಣದಂತೆ ಹುಲ್ಲು ಬೆಳೆದಿದ್ದಿತು. ಅವರಲ್ಲಿ ಧೈರ್ಯಕ್ಕೇನೂ ಕೊರತೆಯಿರಲಿಲ್ಲ. ಅಕ್ಷರಾಭ್ಯಾಸವಾದ ವಾರವೇ ಬಾಲಕನ ಕೈಗೆ ಕಾದಂಬರಿಯನ್ನು ಕೊಟ್ಟರೆ ಆಗುವುದೇನೋ ಇಲ್ಲಿಯೂ ಅದೇ ಆಯಿತು.

ಲೇಸರಿಗೆ ದೋಷಗಳೂ ಇವೆ. ಹಾಯಿಯ ಅಡಿಯ ಅಡ್ಡಮರವು ಬಹಳ ತಗ್ಗಿನಲ್ಲಿ ತಿರುಗುವುದು. ದಿಕ್ಕು ಬದಲಿಸುವಾಗ ನಡು ಬಗ್ಗಿಸಿ ತಲೆ ತಗ್ಗಿಸದಿದ್ದರೆ ತಲೆಗೆ ಪೆಟ್ಟು ತಪ್ಪದು. ತೊಡೆಗಳಿಗೂ ಮೊಣಕಾಲುಗಳಿಗೂ ಇದು ಕಠಿನವಾದ ಯಜಮಾನ. ಐವತ್ತು ದಾಟಿದವರಿಗೆ ಇದಕ್ಕಿಂತ ‘ಸೋಲೋ’ ಎಂಬುದು ಮೇಲೆಂದು ನಮ್ಮ ಮತ. ಜ್ಯಾಕ್ ಹೋಲ್ಟ್ ಎಂಬ ಆಂಗ್ಲನು ೧೯೫೬ರಲ್ಲಿ ರಚಿಸಿದ ದೋಣಿಯಿದು, ೩.೭೮ ಮೀಟರು ಉದ್ದ, ಕುಳಿತುಕೊಳ್ಳಲು ಅಗಲವಾದ ಅಂಚು, ಗಂಭೀರವಾದ ನಡಿಗೆ. ಆದರೆ ಒಡಲು ೭೦ ಕಿಲೋಗ್ರಾಮು, ಹಾಯಿಯೂ ದೊಡ್ಡದು. ನಮ್ಮ ಹುಡುಗಿಗೆ ಭಾರವಾಗುವುದು. ಹಗುರವೇ ಬೇಕೆಂಬವರಿಗೆ ೨೦೧೪ರಲ್ಲಿ ಬಂದ ‘ಆರ್. ಎಸ್. ಏರೋ’ ಇದೆ. ಅದರ ಒಡಲು ಕೇವಲ ೩೦ ಕಿಲೋಗ್ರಾಮು. ಸ್ತ್ರೀಯೊಬ್ಬಳು ಯಾರ ಸಹಾಯವನ್ನೂ ಬೇಡದೆ ನೀರಿನಿಂದ ಮೇಲಕ್ಕೆಳೆದುಕೊಳ್ಳಬಹುದು. ಬೆಲೆಯನ್ನು ಕೇಳಿದಾಗ ಮಾತ್ರ ನಮ್ಮ ತಮ್ಮನ ಅಳಿಯಂದಿರು ಕೆಲವು ಕ್ಷಣ ಮಾತನಾಡಲಿಲ್ಲ. ಇಯಾನ್ ಪ್ರಾಕ್ಟರನ ‘ಟಾಪರ್’ ೩.೪ ಮೀಟರಿನದು, ಪ್ಲಾಸ್ಟಿಕ್ಕಿನ ಒಡಲಾದುದರಿಂದ ಕಲ್ಲಿಗೆ ತಾಗಿದರೂ ಜಗ್ಗದು. ಹದಿನಾಲ್ಕರ ಹುಡುಗರಿಗೆ ಬಹಳ ಒಳ್ಳೆಯದು, ಬೆಳೆದವರಿಗೆ ಇಕ್ಕಟ್ಟು.

ಇವೆಲ್ಲಕ್ಕಿಂತ ಹೆಚ್ಚಿನ ಮಾತೊಂದಿದೆ. ನೀವು ಹೋಗುವ ಕ್ಲಬ್ಬಿನಲ್ಲಿ ಬಹುಜನರು ಯಾವ ದೋಣಿಯನ್ನು ನಡೆಸುತ್ತಿರುವರೋ ಅದನ್ನೇ ಕೊಳ್ಳಿರಿ. ಹಗ್ಗವನ್ನು ಹೇಗೆ ಪೋಣಿಸಬೇಕೆಂದು ಪಕ್ಕದವರು ತೋರಿಸುವರು. ಕೊಕ್ಕೆಯೊಂದು ಮುರಿದರೆ ಅವರ ಪೆಟ್ಟಿಗೆಯಲ್ಲಿ ಅದೇ ಕೊಕ್ಕೆಯಿರುವುದು. ಒಬ್ಬರೇ ನಡೆಸುವ ದೋಣಿಯಾದರೂ ಒಬ್ಬರೇ ಕಲಿಯುವ ವಿದ್ಯೆಯಲ್ಲ.

ಇನ್ನು ಮಗುಚುವ ವಿಷಯ. ಮನೆಯವರಿಗೆ ಇರುವ ಭಯವೆಲ್ಲ ಇದೇ. ನಮ್ಮ ತಮ್ಮನ ಹೆಂಡತಿ ಮೈಸೂರಿನಲ್ಲಿ ಕುಳಿತು ಪ್ರತಿ ಭಾನುವಾರವೂ ದೇವರಿಗೆ ಹೇಳಿಕೊಳ್ಳುತ್ತಿದ್ದುದೂ ಇದನ್ನೇ. ಹೊಸಬರು ಮಗುಚಿಯೇ ಮಗುಚುವರು. ದೋಣಿ ಮುಳುಗುವುದಿಲ್ಲ, ಏಕೆಂದರೆ ಲೇಸರಿನ ಒಡಲು ಗಾಳಿ ತುಂಬಿದ ಮುಚ್ಚಿದ ಡಬ್ಬಿಯಂತಿರುವುದು. ಹಾಯಿಯ ಹಗ್ಗವನ್ನು ಸಡಿಲ ಬಿಟ್ಟು, ತಳದಿಂದ ಹೊರಚಾಚಿದ ಹಲಗೆಯ ಮೇಲೆ ಭಾರ ಹಾಕಿ, ಅಂಚನ್ನು ಹಿಡಿದು ಹಿಂದಕ್ಕೆ ಒರಗಿದರೆ ದೋಣಿ ಏಳುವುದು. ಕಷ್ಟವಾದುದು ಎದ್ದ ದೋಣಿಯೊಳಕ್ಕೆ ಪುನಃ ಹತ್ತುವುದು. ಎರಡನೆಯ ಮೂರನೆಯ ಸಲಕ್ಕೆ ತೋಳು ಸೋಲುವುದು. ಆದುದರಿಂದ, ಕೊಳ್ಳಬೇಕೆಂದಿರುವ ದೋಣಿಯನ್ನು ಯಾರಿಂದಲಾದರೂ ಎರವು ಪಡೆದು, ರಕ್ಷಣೆಯ ದೋಣಿಯೊಂದು ಹತ್ತಿರವಿರುವಾಗ, ಬೇಕೆಂದೇ ಮೂರು ಸಲ ಮಗುಚಿ ಎತ್ತಿ ಹತ್ತಿ ನೋಡಬೇಕು. ಮೂರನೆಯ ಸಲವೂ ಹತ್ತಲು ಬಂದರೆ ಆ ದೋಣಿ ನಿಮ್ಮದು. ಬಾರದಿದ್ದರೆ ಎಷ್ಟು ಅಗ್ಗವಾದರೂ ಬೇಡ.

ನಮ್ಮ ಕೆರೆಗಳನ್ನು ಬಲ್ಲವರಿಗೆ ಅಲ್ಲಿಯ ನೀರಿನ ಶೈತ್ಯವು ಊಹೆಗೆ ನಿಲುಕದು. ವಸಂತದ ಬಿಸಿಲು ಬೆಚ್ಚಗಿರುವಾಗಲೂ ನೀರು ೧೦ ಡಿಗ್ರಿಯ ಆಸುಪಾಸಿನಲ್ಲಿರುವುದುಂಟು. ೧೫ ಡಿಗ್ರಿಗಿಂತ ತಣ್ಣಗಿರುವ ನೀರಿಗೆ ಥಟ್ಟನೆ ಬಿದ್ದವನು ತನಗರಿವಿಲ್ಲದೆ ಏದುಸಿರು ಎಳೆಯುವನು. ಆ ಉಸಿರಿನೊಡನೆ ನೀರು ಒಳಹೊಕ್ಕರೆ ಈಜು ಬಲ್ಲವನೂ ಉಳಿಯುವುದು ಕಷ್ಟ. ೧೮೨೪ರಿಂದ ಸಮುದ್ರದಲ್ಲಿ ಪ್ರಾಣರಕ್ಷಣೆ ಮಾಡುತ್ತಿರುವ ಅಲ್ಲಿಯ ಆರ್. ಎನ್. ಎಲ್. ಐ. ಎಂಬ ಸಂಸ್ಥೆಯವರು, ಬಿದ್ದೊಡನೆ ಈಜಲು ಹೆಣಗದೆ ಅಂಗಾತ ತೇಲಿ ಉಸಿರು ಹದಕ್ಕೆ ಬರುವವರೆಗೆ ಕಾಯಿರೆಂದು ಬೋಧಿಸುವರು. ಮೈಗೆ ಹತ್ತುವ ರಬ್ಬರಿನ ಉಡುಪು, ತೇಲಿಸುವ ಅಂಗಿ, ಇವೆರಡಕ್ಕೂ ಹಣವನ್ನು ಮೊದಲು ತೆಗೆದಿಟ್ಟು ಉಳಿದುದರಲ್ಲಿ ದೋಣಿಯನ್ನು ಕೊಳ್ಳತಕ್ಕದ್ದು. ದೋಣಿಯನ್ನು ಬಿಟ್ಟು ದಡಕ್ಕೆ ಈಜಿ ಹೋಗುವೆನೆಂಬ ಯೋಚನೆಯನ್ನು ಮನಸ್ಸಿಗೇ ತರಬಾರದು. ತಲೆಯೊಂದು ಯಾರಿಗೂ ಕಾಣದು, ದೋಣಿ ಎಲ್ಲರಿಗೂ ಕಾಣುವುದು.

ಕೊಳ್ಳುವುದಾದರೆ ಹಳೆಯದನ್ನೇ ಕೊಳ್ಳಬೇಕು. ಹಳೆಯ ಲೇಸರುಗಳು ಕೆಲವು ನೂರು ಪೌಂಡಿಗೇ ದೊರೆಯುವುವು. ಪರೀಕ್ಷೆ ಹೀಗೆ: ಕೂವೆಯನ್ನು ನಿಲ್ಲಿಸುವ ಕುಳಿಗೆ ನೀರು ತುಂಬಿ ಸ್ವಲ್ಪ ಹೊತ್ತು ಕಾಯಿರಿ. ಮಟ್ಟ ಇಳಿದರೆ ಕುಳಿಯ ತಳ ಸೋರುತ್ತಿದೆಯೆಂದು ಅರ್ಥ. ಮುಂದೊಂದು ದಿನ ಜೋರುಗಾಳಿಯಲ್ಲಿ ಕೂವೆಯು ಮೇಲುಹಾಸನ್ನೇ ಸೀಳಿಕೊಂಡು ಬರುವುದು. ಕುಳಿಯ ಸುತ್ತಲೂ ಅಂಗೈಯಿಂದ ಒತ್ತಿ ನೋಡಿರಿ, ಮೆತ್ತಗಿರಬಾರದು. ಇಬ್ಬರು ಸೇರಿ ಒಡಲನ್ನು ಎತ್ತಿರಿ. ಅತಿಭಾರವೆನಿಸಿದರೆ ಒಳಗೆ ನೀರು ಕುಡಿದಿದೆ. ಕೂವೆಯ ಎರಡು ತುಂಡುಗಳು ಕೂಡುವೆಡೆಯಲ್ಲಿ ಮೊಳೆಯ ಸುತ್ತ ಲೋಹ ಸವೆದಿದೆಯೇ ಎಂದು ನೋಡಬೇಕು. ಹಾಯಿ ಹಳತಾಗಿದ್ದರೆ ಚಿಂತೆಯಿಲ್ಲ. ಬಣ್ಣವನ್ನು ನೋಡಿ ಮೋಸಹೋಗುವುದು ಬೇಡ. ಮಾರುವವರು ಬಣ್ಣವನ್ನೇ ಮೊದಲು ಬಳಿಯುವರು.

ಈ ವಿದ್ಯೆ ನಮ್ಮ ನಾಡಿಗೆ ತೀರ ಹೊರಗಿನದೂ ಅಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೈನ್ಯದ ಮದ್ರಾಸ್ ಸ್ಯಾಪರ್ಸ್ ದಳದವರು ಬಾಲಕರಿಗೆ ಹಾಯಿದೋಣಿಯನ್ನು ಕಲಿಸುತ್ತ ಬಂದಿರುವರು. ಚೆನ್ನೈಯ ನೇತ್ರಾ ಕುಮನನ್ ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿಗೂ ೨೦೨೪ರ ಪ್ಯಾರಿಸಿಗೂ ಹೋದುದು ಈ ಲೇಸರಿನಲ್ಲಿಯೇ, ನಡುವಣ ಹಾಯಿಯನ್ನು ಕಟ್ಟಿಕೊಂಡು. ಇದನ್ನು ತಿಳಿಸಿದಾಗ ನಮ್ಮ ಹುಡುಗಿಗೆ ಸಣ್ಣ ಹಾಯಿಯ ಬಗ್ಗೆ ಇದ್ದ ಸಂಕೋಚ ಹೋಯಿತು.

ಅಂತೂ ಆಕೆ ಇಪ್ಪತ್ತು ವರ್ಷದ ಹಳೆಯ ಲೇಸರೊಂದನ್ನು ನಡುವಣ ಹಾಯಿಯೊಡನೆ ಕೊಂಡಳು. ಕುಳಿಗೆ ನೀರು ತುಂಬಿ ಪರೀಕ್ಷಿಸಿದವರು ಅಳಿಯಂದಿರೇ. ಚಳಿಗಾಲಕ್ಕೆ ದೋಣಿಯನ್ನು ದಡದಲ್ಲಿ ಬಿಡುವಾಗ ಹಿಂಬದಿಯ ಬಿರಡೆಯನ್ನು ತೆಗೆದಿಡಬೇಕು. ಒಳಗಿನ ತೇವ ಆರುವುದು. ತೆಗೆದ ಬಿರಡೆಯನ್ನು ಚುಕ್ಕಾಣಿಗೇ ದಾರದಿಂದ ಕಟ್ಟಿಡುವಂತೆ ಬರೆದಿದ್ದೇವೆ. ಅದನ್ನು ಹಾಕಲು ಮರೆತು ನೀರಿಗಿಳಿದವರನ್ನು ಆ ಎರಡು ಬೇಸಗೆಗಳಲ್ಲಿ ನಾವು ನಾಲ್ವರನ್ನು ಕಂಡಿರುವೆವು.